ಅವರು ಪಾಠ ಮಾಡಲು ಬಂದಿದ್ದರು

ನಿನ್ನೆಯ ಸಿಟ್ಟು ಇಂದು ಬೆಳಗಾದರೂ ಇಳಿದಿಲ್ಲ. ಇಳಿದ ಮೇಲೆ ಬರೆಯೋಣ ಎಂದುಕೊಂಡಿದ್ದೆ. ಆದರೆ ಉತ್ಸವಗಳಲ್ಲಿ ಕೈಕೆಲಸ ಕಲಿಸುವವರನ್ನು ನಡೆಸಿಕೊಳ್ಳುವ ವಿಷಯದಲ್ಲಿ ತಣ್ಣಗಾಗಿ ಬರೆಯುವುದು ನನ್ನಿಂದ ಸಾಧ್ಯವಿಲ್ಲ ಎನಿಸುತ್ತಿದೆ. ಉದ್ದವಾಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಿನ್ನೆ ಒಂದು ಸಮುದಾಯ ಉತ್ಸವಕ್ಕೆ ಹೋಗಿದ್ದೆ. ನಾನು ನೂಲುವವಳು, ನೇಯುವವಳು ಎಂದು ಇಲ್ಲಿರುವ ಬಹುತೇಕರಿಗೆ ಗೊತ್ತು. ಹಾಗಾಗಿ ಅಲ್ಲಿ ನನ್ನ ಕಾಲು ಮೊದಲು ಎತ್ತ ಹೋಗಿರಬಹುದೆಂದು ಹೇಳಬೇಕಾಗಿಲ್ಲ. ತಕಲಿಯಲ್ಲಿ, ಅಂದರೆ ಕೈಯಿಂದ ತಿರುಗಿಸಿ ನೂಲು ತೆಗೆಯುವ ಕಡ್ಡಿಯಲ್ಲಿ, ನೂಲುವುದನ್ನು ಹೇಳಿಕೊಡಲು ಹಿರಿಯ ಮಹಿಳೆಯೊಬ್ಬರು ಬಂದಿದ್ದರು. ಅವರಿಗೆ ಕೊಟ್ಟ ಜಾಗ ವೇದಿಕೆಯ ಪಕ್ಕದಲ್ಲಿ, ಧ್ವನಿವರ್ಧಕದ ಎದುರಿಗೆ. ಕೊಟ್ಟ ಸಮಯ ಅರ್ಧ ಗಂಟೆ. ಕಲಿಯಲು ನಿಂತವರು ಮೂವತ್ತು ನಲವತ್ತು ಜನ. ಕುರ್ಚಿಗಳು ನಾಲ್ಕೋ ಐದೋ. ಅವರು ಉಣ್ಣೆಯನ್ನು ತೊಳೆದು, ಒಣಗಿಸಿ, ಹಿಂಜಿ, ಒಬ್ಬೊಬ್ಬರಿಗೆ ಒಂದೊಂದರಂತೆ ಉದ್ದುದ್ದ ಎಳೆಗಳಾಗಿ ಸುತ್ತಿ ತಂದಿದ್ದರು. ಎಷ್ಟು ದಿನಗಳ ಕೆಲಸ ಅದು ಎಂದು ಆ ಚೀಲ ನೋಡಿದ ಕೂಡಲೇ ನನಗೆ ತಿಳಿಯಿತು. ಸಂಘಟಕರಲ್ಲಿ ಒಬ್ಬರಿಗಾದರೂ ತಿಳಿದಿತ್ತೇ? ನನಗೆ ನಂಬಿಕೆಯಿಲ್ಲ.

ನೂಲಲು ಬಲ್ಲವರಿಗೆ ಗೊತ್ತು, ಹೊಸಬರಿಗೆ ಎಳೆ ಬಾರದೇ ಹೋಗಲು ಕಾರಣ ಬಹುಪಾಲು ಒಂದೇ. ಎರಡು ಕೈಗಳೂ ತೀರಾ ಹತ್ತಿರವಿರುತ್ತವೆ. ನಾರಿನ ಉದ್ದಕ್ಕಿಂತ ಕೈಗಳ ನಡುವಿನ ಅಂತರ ಕಡಿಮೆಯಾದರೆ ಒಂದೇ ನಾರಿನ ಎರಡು ತುದಿಗಳು ಎರಡು ಕೈಗಳಲ್ಲಿ ಸಿಕ್ಕಿಕೊಂಡಿರುತ್ತವೆ. ಆಗ ಎಷ್ಟು ಜಗ್ಗಿದರೂ ನಾರು ಜಾರುವುದಿಲ್ಲ. ಕಲಿಯುವವರು ಹೆದರಿ ಇನ್ನಷ್ಟು ಬಿಗಿಯಾಗಿ, ಇನ್ನಷ್ಟು ಹತ್ತಿರ ಹಿಡಿಯುತ್ತಾರೆ. ಉಣ್ಣೆಯ ನಾರು 10 ಸೆಂಟಿಮೀಟರ್ ಇದ್ದರೆ ಕೈಗಳು ಅದಕ್ಕಿಂತ ದೂರದಲ್ಲಿರಬೇಕು. ಹತ್ತಿಯದಾದರೆ ಸಾಮಾನ್ಯವಾಗಿ 2.5ರಿಂದ 3 ಸೆಂಟಿಮೀಟರ್ ಅಷ್ಟೇ. ಅಷ್ಟು ಗಿಡ್ಡ ನಾರನ್ನು ಮೊದಲ ದಿನ ಹೊಸಬರ ಕೈಗೆ ಕೊಟ್ಟರೆ ಅವರು ಸೋತು ಮನೆಗೆ ಹೋಗುತ್ತಾರೆ. ಈ ಶಿಕ್ಷಕಿ ಉದ್ದ ನಾರಿನ ಉಣ್ಣೆಯನ್ನೇ ಆರಿಸಿ ತಂದಿದ್ದರು. ಆ ಒಂದು ಆಯ್ಕೆಯಲ್ಲೇ ಅವರು ಎಷ್ಟು ವರ್ಷ ಕಲಿಸಿರಬೇಕು ಎಂಬುದು ಕಾಣುತ್ತಿತ್ತು.

ಒಬ್ಬ ಹುಡುಗಿಗೆ ಎಳೆ ಪದೇ ಪದೇ ಕಡಿಯುತ್ತಿತ್ತು. ತಕಲಿ ನೆಲಕ್ಕೆ ಬೀಳುತ್ತಿತ್ತು, ಅವಳು ಎತ್ತಿಕೊಳ್ಳುತ್ತಿದ್ದಳು, ಮತ್ತೆ ಬೀಳುತ್ತಿತ್ತು. ಶಿಕ್ಷಕಿ ಅವಳ ಕೈಯಿಂದ ತಕಲಿಯನ್ನು ಕಸಿದುಕೊಂಡು ತಾವೇ ನೂತು ತೋರಿಸಲಿಲ್ಲ. ಕಲಿಸಲು ಬಾರದವರು ಮೊದಲು ಮಾಡುವುದೇ ಅದನ್ನು. ಇವರು ತಮ್ಮ ಎರಡು ಬೆರಳುಗಳಿಂದ ಎಳೆಯನ್ನು ಒತ್ತಿ, ಹುರಿ (ತಕಲಿ ತಿರುಗಿದಾಗ ಎಳೆಯಲ್ಲಿ ಏರುವ ತಿರುಚು) ಮೇಲಕ್ಕೇರದಂತೆ ತಡೆದು ಹಿಡಿದು, "ಈಗ ನಿನ್ನ ಮೇಲಿನ ಕೈಯನ್ನು ದೂರ ಮಾಡು, ಇನ್ನೂ ದೂರ, ಹೆದರಬೇಡ" ಎಂದರು. ನಾರು ಜಾರಿತು. ಹುಡುಗಿಯ ಮುಖ ಬದಲಾಯಿತು. ಇನ್ನು ಆ ಬೆರಳುಗಳನ್ನು ಬಿಟ್ಟು ಹುರಿಯನ್ನು ಮೇಲಕ್ಕೆ ಹರಿಯಬಿಡಬೇಕು, ಅಷ್ಟೇ. ಎಳೆ ನೂಲಾಗುವುದು ಆ ಗಳಿಗೆಯಲ್ಲಿ.

ಅಷ್ಟರಲ್ಲಿ ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡ ಯುವಕನೊಬ್ಬ ಬಂದು ಚಪ್ಪಾಳೆ ತಟ್ಟಿದ. "ಅಮ್ಮಾ, ಸಮಯವಾಯಿತು. ಎಲ್ಲರಿಗೂ ಒಂದೊಂದು ತುಂಡು ದಾರ ಕೊಟ್ಟುಬಿಡಿ, ನೆನಪಿಗೆ ಇಟ್ಟುಕೊಳ್ಳುತ್ತಾರೆ. ಮುಂದಿನ ಕಾರ್ಯಕ್ರಮ ಇದೆ."

ಮುಂದಿನ ಕಾರ್ಯಕ್ರಮ ಒಂದು ಗಾಯನ. ಗಾಯಕರ ಮೇಲೆ ನನಗೇನೂ ಸಿಟ್ಟಿಲ್ಲ, ಚೆನ್ನಾಗಿಯೇ ಹಾಡಿದರು. ಆದರೆ ನನ್ನ ಕೈಯಲ್ಲಿದ್ದ ಕಾರ್ಯಕ್ರಮದ ಹಾಳೆಯಲ್ಲಿ ಗಾಯಕರ ಹೆಸರಿತ್ತು, ಫೋಟೋ ಇತ್ತು. ಪಕ್ಕವಾದ್ಯದವರ ಹೆಸರುಗಳಿದ್ದವು. ನಿರೂಪಕರ ಹೆಸರಿತ್ತು. ಧ್ವನಿ ಮತ್ತು ಬೆಳಕಿನ ವ್ಯವಸ್ಥೆ ಮಾಡಿದವರ ಹೆಸರೂ ಇತ್ತು. ಈ ಶಿಕ್ಷಕಿಯ ಸಮಯದ ಎದುರಿಗೆ ಎರಡೇ ಪದಗಳು: "ಕರಕುಶಲ ಪ್ರಾತ್ಯಕ್ಷಿಕೆ". ಅದನ್ನು ಯಾರು ಮಾಡುತ್ತಾರೆ ಎಂಬುದಿಲ್ಲ. ಅವರು ಮಾಡಿದ್ದು ಪ್ರಾತ್ಯಕ್ಷಿಕೆಯೂ ಅಲ್ಲ, ಅವರು ಪಾಠ ಮಾಡಲು ಬಂದಿದ್ದರು.

ನನ್ನ ದೂರು ಇದೇ, ಇದೊಂದೇ. ಕೈಕೆಲಸವನ್ನು ಕಲಿಸುವವರನ್ನು ನಾವು ಶಿಕ್ಷಕರೆಂದು ಎಣಿಸುವುದೇ ಇಲ್ಲ. ಉತ್ಸವದ ಅಂಗಳಕ್ಕೆ ಒಂದು ಅಲಂಕಾರವಾಗಿ ಅವರನ್ನು ಕರೆಯುತ್ತೇವೆ. ಚರಕ ತಿರುಗುತ್ತಿದ್ದರೆ, ಮಗ್ಗದ ಸದ್ದು ಕೇಳುತ್ತಿದ್ದರೆ ಫೋಟೋಗೆ ಚೆನ್ನಾಗಿರುತ್ತದೆ. ಆ ಫೋಟೋದಲ್ಲಿ ಕೂಡ ಅವರ ಕೈಗಳಿರುತ್ತವೆ, ಮುಖವಿರುವುದಿಲ್ಲ. ನಂಬದಿದ್ದರೆ ನಿಮ್ಮ ಮೊಬೈಲ್‌ನಲ್ಲಿರುವ ಯಾವುದೇ ಉತ್ಸವದ ಚಿತ್ರಗಳನ್ನು ತೆರೆದು ನೋಡಿ.

ಒಂದು ಕೆಲಸ ಬರುವುದು ಬೇರೆ, ಅದನ್ನು ಕಲಿಸಲು ಬರುವುದು ಬೇರೆ. ಸಂಗೀತದಲ್ಲಿ, ಗಣಿತದಲ್ಲಿ ಇದನ್ನು ಎಲ್ಲರೂ ಒಪ್ಪುತ್ತಾರೆ. ದಾರ ಮತ್ತು ಸೂಜಿಯ ವಿಷಯ ಬಂದಾಗ ಮಾತ್ರ "ಕೂತು ನೋಡಿದರೆ ಬರುತ್ತದೆ" ಎನ್ನುತ್ತಾರೆ. ಬರುವುದಿಲ್ಲ. ಹೆಣಿಗೆ ಕಲಿಯುವವರನ್ನೇ ತೆಗೆದುಕೊಳ್ಳಿ. 20 ಹೊಲಿಗೆಗಳಿಂದ ಆರಂಭಿಸಿದವರು ನಾಲ್ಕು ಸಾಲು ಮುಗಿಸುವಷ್ಟರಲ್ಲಿ ಕಡ್ಡಿಯ ಮೇಲೆ 24 ಹೊಲಿಗೆಗಳಿರುತ್ತವೆ. ಎಲ್ಲಿಂದ ಬಂದವು ಎಂದು ಅವರಿಗೆ ಅರ್ಥವಾಗುವುದಿಲ್ಲ. ಸಾಲು ತಿರುಗಿಸುವಾಗ ಉಣ್ಣೆಯ ದಾರವನ್ನು ಕಡ್ಡಿಯ ಮೇಲಿನಿಂದ ಹಿಂದಕ್ಕೆ ಎಳೆದಿರುತ್ತಾರೆ. ಆಗ ಅಂಚಿನ ಒಂದು ಹೊಲಿಗೆಯ ಎರಡು ಕಾಲುಗಳೂ ಮೇಲೆದ್ದು ಎರಡು ಹೊಲಿಗೆಗಳಂತೆ ಕಾಣುತ್ತವೆ, ಇವರು ಎರಡನ್ನೂ ಹೆಣೆದುಬಿಡುತ್ತಾರೆ. ಒಳ್ಳೆಯ ಶಿಕ್ಷಕಿ ಹೆಣಿಗೆಯನ್ನು ದೂರದಿಂದ ನೋಡಿಯೇ, ಬದಿಗಳು ಅಗಲವಾಗುತ್ತಿರುವ ರೀತಿಯಿಂದಲೇ ಇದನ್ನು ಹೇಳಬಲ್ಲರು. ಅದೇ ಶಿಕ್ಷಕಿಗೆ ದಾರವನ್ನು ಬಲಗೈಯಲ್ಲಿ ಹಿಡಿದು ಹೆಣೆಯುವ ಪದ್ಧತಿಯೂ ಗೊತ್ತಿರಬೇಕು, ಎಡಗೈಯಲ್ಲಿ ಹಿಡಿಯುವ ಪದ್ಧತಿಯೂ ಗೊತ್ತಿರಬೇಕು. ಎದುರಿಗೆ ಎಡಚರು ಕುಳಿತರೆ ಇಡೀ ಪಾಠವನ್ನೇ ತಮ್ಮ ಕೈಯಲ್ಲಿ ತಿರುಗಿಸಿಕೊಳ್ಳಬೇಕು. ಇದು ಕೂತು ನೋಡಿ ಬರುವ ವಿದ್ಯೆಯೇ?

ಕಸೂತಿಯ ಗವಂತಿ ಹೊಲಿಗೆ ನೋಡಿ. ಬಟ್ಟೆಯ ಎಳೆಗಳನ್ನು ಎಣಿಸುತ್ತಾ ಒಂದು ಬಿಟ್ಟು ಒಂದು ಹೊಲಿಗೆ ಹಾಕುತ್ತಾ ಹೋಗಬೇಕು, ಹಿಂದಿರುಗುವಾಗ ಬಿಟ್ಟ ಜಾಗಗಳನ್ನು ತುಂಬಬೇಕು. ಮುಗಿದಾಗ ಬಟ್ಟೆಯ ಎರಡೂ ಬದಿ ಒಂದೇ ರೀತಿ ಕಾಣಬೇಕು, ಗಂಟು ಎಲ್ಲಿಯೂ ಇರಬಾರದು. ಸೂಜಿ ಹಾಕುವುದನ್ನು ಹತ್ತು ನಿಮಿಷದಲ್ಲಿ ಹೇಳಿಕೊಡಬಹುದು. ಕವಲೊಡೆಯುವ ಚಿತ್ತಾರದಲ್ಲಿ ಯಾವ ದಾರಿಯಲ್ಲಿ ಹೋದರೆ ಹಿಂದಿರುಗಲು ದಾರಿ ಉಳಿಯುತ್ತದೆ ಎಂಬುದನ್ನು ಹತ್ತು ನಿಮಿಷದಲ್ಲಿ ಹೇಳಿಕೊಡಲಾಗದು. ಕಲಿಯುವವರು ಸಿಕ್ಕಿಹಾಕಿಕೊಳ್ಳಬೇಕು, ಬಿಚ್ಚಬೇಕು, ಮತ್ತೆ ಹೋಗಬೇಕು, ಪಕ್ಕದಲ್ಲಿ ಯಾರಾದರೂ ತಾಳ್ಮೆಯಿಂದ ಕುಳಿತಿರಬೇಕು. ಅರ್ಧ ಗಂಟೆಯಲ್ಲಿ, ಧ್ವನಿವರ್ಧಕದ ಎದುರಿಗೆ, ನಲವತ್ತು ಜನರಿಗೆ?

ಬಣ್ಣದ ಕೆಲಸಕ್ಕೂ ಇದೇ ಗತಿ. ನೀಲಿ ಬಣ್ಣ (ಇಂಡಿಗೊ) ನೀರಿನಲ್ಲಿ ಕರಗುವುದಿಲ್ಲ. ಹುದುಗಿಸಿಯೋ ಬೇರೆ ವಿಧಾನದಿಂದಲೋ ಅದರ ಸ್ವರೂಪ ಬದಲಿಸಿ ಕರಗುವಂತೆ ಮಾಡಬೇಕು. ಹುದುಗಿಸುವ ತೊಟ್ಟಿ ಸಿದ್ಧವಾಗಲು ದಿನಗಳೇ ಬೇಕು. ಅದರಿಂದ ಮೇಲೆತ್ತಿದ ಬಟ್ಟೆ ಮೊದಲು ಹಸಿರು ಹಳದಿಯಾಗಿದ್ದು, ಗಾಳಿ ತಾಕಿದಂತೆ ನಿಧಾನವಾಗಿ ನೀಲಿಗೆ ತಿರುಗುತ್ತದೆ. ಗಾಢ ಬಣ್ಣ ಬೇಕಾದರೆ ಮತ್ತೆ ಅದ್ದಬೇಕು, ಮತ್ತೆ ಗಾಳಿಗೆ ಹಿಡಿಯಬೇಕು. ಜನರೆಲ್ಲ ಬಾಯಿಬಿಟ್ಟು ನೋಡುವ ಆ ಒಂದು ನಿಮಿಷ ಮಾತ್ರ ಸಂಘಟಕರಿಗೆ ಬೇಕು. ಹಿಂದಿನ ದಿನಗಳು ಶಿಕ್ಷಕರ ಲೆಕ್ಕಕ್ಕೆ. ಮಗ್ಗದ ಮೇಲೆ ಕಲಿಸುವವರೂ ಹಾಗೆಯೇ. ಹಾಸಿನ, ಅಂದರೆ ಮಗ್ಗದ ಉದ್ದಕ್ಕೆ ಕಟ್ಟುವ ದಾರಗಳ, ಒಂದೊಂದು ಎಳೆಯನ್ನೂ ಎಣಿಸಿ, ಮಗ್ಗದ ಕಣ್ಣುಗಳಲ್ಲಿ ಪೋಣಿಸಿ, ಬಾಚಣಿಗೆಯಂಥ ಹಣಿಗೆಯ ಹಲ್ಲುಗಳ ನಡುವೆ ಎಳೆದು, ಬಿಗಿಯಾಗಿ ಕಟ್ಟಿದ ಮೇಲೆಯೇ ಕಲಿಯುವವರು ಬಂದು ಅಡ್ಡ ದಾರ ಹೊತ್ತ ಲಾಳಿ ಎಸೆಯುವುದು. ಎಸೆದವರು "ಅಯ್ಯೋ, ಇಷ್ಟೇನಾ, ಸುಲಭ" ಎನ್ನುತ್ತಾರೆ. ಸುಲಭ ಮಾಡಿಟ್ಟವರು ಪಕ್ಕದಲ್ಲೇ ನಿಂತಿರುತ್ತಾರೆ.

ಕೈಕೆಲಸದ ಶಿಕ್ಷಣವನ್ನು ಗಂಭೀರವಾಗಿ ಯೋಚಿಸಿದವರೆಲ್ಲ ಮೊದಲು ಶಿಕ್ಷಕರ ಬಗ್ಗೆಯೇ ಯೋಚಿಸಿದ್ದಾರೆ. ಫಿನ್ಲೆಂಡ್ 1866ರಲ್ಲಿ ಕೈಕೆಲಸವನ್ನು ಶಾಲೆಯ ಕಡ್ಡಾಯ ವಿಷಯವನ್ನಾಗಿ ಮಾಡಿತು. ಅದರ ಹಿಂದಿದ್ದವರು ಅಲ್ಲಿನ ಶಿಕ್ಷಣತಜ್ಞ ಉನೊ ಸಿಗ್ನೇಯಸ್. ಅವರಿಂದ ಸ್ಫೂರ್ತಿ ಪಡೆದ ಒಟ್ಟೊ ಸಾಲೊಮನ್ ಸ್ವೀಡನ್ನಿನ ನೇಸ್ ಎಂಬಲ್ಲಿ ಕಟ್ಟಿದ್ದು ಕೈಕೆಲಸದ ಶಿಕ್ಷಕರನ್ನು ತಯಾರು ಮಾಡುವ ಸಂಸ್ಥೆಯನ್ನು. ಅಲ್ಲಿಗೆ ಎಷ್ಟೋ ದೇಶಗಳ ಶಿಕ್ಷಕರು ಕಲಿಯಲು ಬಂದರು. ನಮ್ಮಲ್ಲಿ 1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿ ಕೈಕಸುಬನ್ನೇ ಶಿಕ್ಷಣದ ನಡುವೆ ಇಡಬೇಕೆಂದಾಗ, ಯೋಜನೆ ರೂಪಿಸಿದ ಜಾಕಿರ್ ಹುಸೇನ್ ಸಮಿತಿ ಶಿಕ್ಷಕರ ತರಬೇತಿಯ ಪ್ರಶ್ನೆಯನ್ನೂ ಜೊತೆಯಲ್ಲೇ ಎತ್ತಿಕೊಂಡಿತು. ನೂಲುವುದನ್ನು ಕಲಿಸಲು ನೂಲಲು ಬಂದರೆ ಸಾಲದು ಎಂದು ಅವರಿಗೆಲ್ಲ ತಿಳಿದಿತ್ತು. ಇಷ್ಟು ವರ್ಷಗಳ ನಂತರ ನಾವು ಅದೇ ಮಾತನ್ನು ಮತ್ತೆ ಮೊದಲಿನಿಂದ ಹೇಳಬೇಕಾಗಿದೆ.

ನೇಯ್ಗೆಯ ಕಲಾವಿದೆ ಆನಿ ಆಲ್ಬರ್ಸ್ ಹೆಸರನ್ನು ನನ್ನ ಗೋಡೆಯ ಮೇಲೆ ಹಲವು ಬಾರಿ ಓದಿದ್ದೀರಿ. 1949ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಅವರ ನೇಯ್ಗೆಯ ಪ್ರದರ್ಶನ ಏರ್ಪಡಿಸಿತು ಎಂಬುದನ್ನು ಎಲ್ಲರೂ ಹೇಳುತ್ತಾರೆ. 1933ರಿಂದ 1949ರವರೆಗೆ ಅವರು ಅಮೆರಿಕದ ಬ್ಲ್ಯಾಕ್ ಮೌಂಟನ್ ಕಾಲೇಜಿನಲ್ಲಿ ನೇಯ್ಗೆ ಕಲಿಸುತ್ತಿದ್ದರು ಎಂಬುದನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ. ಪ್ರದರ್ಶನಕ್ಕೆ ಇರುವ ಗೌರವ ಪಾಠಕ್ಕಿಲ್ಲ. ದೊಡ್ಡವರಿಗೇ ಹೀಗಾದರೆ ಉತ್ಸವದ ಮೂಲೆಯಲ್ಲಿ ಕುಳಿತವರ ಪಾಡೇನು?

"ಉತ್ಸವವೇನು ಶಾಲೆಯೇ? ಒಂದಿಷ್ಟು ಆಸಕ್ತಿ ಹುಟ್ಟಿದರೆ ಸಾಕು, ಮುಂದೆ ಕಲಿಯುವವರು ಕಲಿಯುತ್ತಾರೆ" ಎಂದು ನಿನ್ನೆಯೇ ಒಬ್ಬ ಸ್ನೇಹಿತರು ನನಗೆ ಹೇಳಿದರು. ಈ ಮಾತನ್ನು ನಾನು ಬಹಳ ಕಾಲದಿಂದ ಕೇಳುತ್ತಿದ್ದೇನೆ, ಗೌರವದಿಂದಲೇ ಕೇಳುತ್ತಿದ್ದೇನೆ, ಒಪ್ಪುವುದಿಲ್ಲ. ಎಳೆ ಹತ್ತಾರು ಬಾರಿ ಕಡಿದು, ಅದು ಸರಿಹೋಗುವ ಗಳಿಗೆಯಲ್ಲೇ ಎಬ್ಬಿಸಿ ಕಳುಹಿಸಿದರೆ ಹುಟ್ಟುವುದು ಆಸಕ್ತಿಯಲ್ಲ, "ಇದು ನನ್ನ ಕೈಗೆ ಬರುವಂಥದ್ದಲ್ಲ" ಎಂಬ ತೀರ್ಮಾನ. ಆ ತೀರ್ಮಾನ ಹೊತ್ತುಕೊಂಡ ದೊಡ್ಡವರು ನನ್ನ ಬಳಿ ಕಲಿಯಲು ಬಂದಿದ್ದಾರೆ. ಅದನ್ನು ಅವರಿಂದ ಬಿಡಿಸುವುದು ಹೊಸದಾಗಿ ಕಲಿಸುವುದಕ್ಕಿಂತ ಕಷ್ಟ. ಆಸಕ್ತಿ ಹುಟ್ಟಿಸುವುದಷ್ಟೇ ಉದ್ದೇಶವಾದರೆ ಅವರು ಸುಮ್ಮನೆ ನೂಲಲಿ, ಜನ ನೋಡಲಿ. ಅದಕ್ಕೂ ಒಂದು ಅರ್ಥವಿದೆ, ಅದಕ್ಕೂ ಹೆಸರು ಹಾಕಿ, ಸಂಭಾವನೆ ಕೊಡಿ. ಕಲಿಸಿ ಎಂದು ಕರೆದ ಮೇಲೆ ಕಲಿಸಲು ಬಿಡಿ.

ಹಣವಿಲ್ಲ ಎನ್ನುತ್ತಾರೆ. ಧ್ವನಿವರ್ಧಕಕ್ಕೆ ಹಣವಿತ್ತು. ವೇದಿಕೆಯ ಹೂವಿಗೆ ಹಣವಿತ್ತು. "ಅವರೇ ಏನೂ ಬೇಡ ಎಂದರು" ಎನ್ನುತ್ತಾರೆ. ಹೌದು, ಬೇಡ ಎನ್ನುತ್ತಾರೆ. ಈ ಕೆಲಸ ಮಾಡುವವರಲ್ಲಿ ಹೆಚ್ಚಿನವರು ಹೆಂಗಸರು. ಮನೆಯಲ್ಲಿ ಹೊಲಿದದ್ದು, ಹೆಣೆದದ್ದು, ತೇಪೆ ಹಾಕಿದ್ದು ಯಾವುದಕ್ಕೂ ಯಾರೂ ಎಂದೂ ಬೆಲೆ ಕಟ್ಟದಿದ್ದಾಗ, ಹೊರಗೆ ಬಂದು ಬೆಲೆ ಕೇಳಲು ಅವರಿಗೆ ಬಾಯಿ ಬರುವುದಿಲ್ಲ. ಆ ಸಂಕೋಚವನ್ನು ಬಳಸಿಕೊಳ್ಳುವುದು ಸಂಘಟನೆಯ ಜಾಣ್ಮೆಯಲ್ಲ, ಅನ್ಯಾಯ.

ಇಲ್ಲಿ ಇದುವರೆಗೆ ಹೇಳದ ಒಂದು ಮಾತನ್ನು ಹೇಳುತ್ತೇನೆ. ನಾನು ಉತ್ಸವಗಳಲ್ಲಿ ಕಲಿಸುವುದನ್ನು ಬಿಟ್ಟು ಕೆಲವು ವರ್ಷಗಳಾದವು. ಕೇಳಿದವರಿಗೆಲ್ಲ ಬೆನ್ನು ನೋವು, ಕೆಲಸದ ಒತ್ತಡ ಎಂದೆಲ್ಲ ಹೇಳುತ್ತಾ ಬಂದೆ. ನಿಜವಾದ ಕಾರಣ ಅದಲ್ಲ. ಪ್ರತಿ ಸಲವೂ ಅರ್ಧಕ್ಕೆ ನಿಂತ ಪಾಠದೊಂದಿಗೆ ಮನೆಗೆ ಬರುತ್ತಿದ್ದೆ, ರಾತ್ರಿಯೆಲ್ಲ ಆ ಅರ್ಧ ಕಲಿತವರ ಮುಖಗಳೇ ಕಣ್ಣ ಮುಂದೆ ಬರುತ್ತಿದ್ದವು. ಅದನ್ನು ತಡೆದುಕೊಳ್ಳುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ಕಲಿಸುವುದೆಂದರೆ ನನಗೆ ನೇಯುವುದಕ್ಕಿಂತಲೂ ಹೆಚ್ಚಿನ ಪ್ರೀತಿ. ಅದನ್ನು ಬಿಟ್ಟಿರುವುದು ಇಂದಿಗೂ ನೋವು ಕೊಡುತ್ತದೆ. ನಿನ್ನೆ ಆ ಶಿಕ್ಷಕಿ ಒಂದೂ ಮಾತನಾಡದೆ ಉಣ್ಣೆಯನ್ನು ಚೀಲಕ್ಕೆ ತುಂಬಿಕೊಳ್ಳುತ್ತಿದ್ದಾಗ ನನಗೆ ಅವರ ಮೌನದ ಪ್ರತಿಯೊಂದು ಮಾತೂ ಗೊತ್ತಿತ್ತು. ಹೋಗಿ ಅವರ ಹೆಸರು ಕೇಳಿದೆ. ಆ ದಿನ ಅಲ್ಲಿ ಬೇರೆ ಯಾರೂ ಕೇಳಿರಲಿಲ್ಲವಂತೆ. ಆ ಹುಡುಗಿಯನ್ನೂ ಕರೆದುಕೊಂಡು ಮೂವರೂ ಮರದ ಕೆಳಗಿನ ಕಟ್ಟೆಗೆ ಹೋಗಿ ಕುಳಿತೆವು. ಉಳಿದದ್ದನ್ನು ಅವರು ಅಲ್ಲಿ ಹೇಳಿಕೊಟ್ಟರು. ಒಂದು ಗಳಿಗೆಯಲ್ಲಿ ಅವಳ ತಕಲಿ ಬೀಳುವುದು ನಿಂತಿತು. ಅಂದರೆ ಬೇಕಾಗಿದ್ದದ್ದು ಹೆಚ್ಚೇನಲ್ಲ: ಸ್ವಲ್ಪ ಸಮಯ, ಮಾತು ಕೇಳಿಸುವಂಥ ಒಂದು ಜಾಗ.

ಉತ್ಸವಗಳನ್ನು ನಡೆಸುವವರು ಈ ಗೋಡೆಯ ಮೇಲೆ ಸಾಕಷ್ಟು ಜನರಿದ್ದೀರಿ. ನೇರವಾಗಿ ಕೇಳುತ್ತೇನೆ. ಮುಂದಿನ ಸಲ ಹಾಳೆ ಅಚ್ಚಾಗುವ ಮೊದಲು ಕೈಕೆಲಸದ ಶಿಕ್ಷಕರಿಗೆ ಒಂದು ಫೋನ್ ಮಾಡಿ. ನಿಮ್ಮ ಹೆಸರನ್ನು ಹೇಗೆ ಬರೆಯಬೇಕು ಎಂದು ಕೇಳಿ. ಒಂದು ಪಾಠಕ್ಕೆ ಎಷ್ಟು ಹೊತ್ತು ಬೇಕು, ಎಷ್ಟು ಜನರಿಗೆ ಒಟ್ಟಿಗೆ ಕಲಿಸಬಲ್ಲಿರಿ ಎಂದು ಕೇಳಿ, ಅವರು ಎಂಟು ಜನ ಎಂದರೆ ಎಂಟೇ ಜನರನ್ನು ಬರೆದುಕೊಳ್ಳಿ. ಸಾಮಗ್ರಿಗೆ ಎಷ್ಟಾಯಿತು, ತಯಾರಿಗೆ ಎಷ್ಟು ದಿನವಾಯಿತು ಎಂದು ಕೇಳಿ, ಕೊಡಬೇಕಾದ್ದನ್ನು ಅವರು ಕೇಳುವ ಮೊದಲೇ ಕೊಡಿ. ಧ್ವನಿವರ್ಧಕದಿಂದ ದೂರ ಕೂರಿಸಿ. ಕಲಿಸುವವರು ಯಾರೂ ಪರಿಚಯವಿಲ್ಲ ಎನ್ನುವವರು ನನಗೆ ಸಂದೇಶ ಕಳುಹಿಸಿ. ನೂಲುವುದು, ನೇಯುವುದು, ಹೆಣಿಗೆ, ಕಸೂತಿ, ಬಣ್ಣ, ಯಾವುದು ಬೇಕೋ ಹೇಳಿ, ಅವರನ್ನು ಕೇಳಿ ಒಪ್ಪಿಸಿ ನಿಮಗೆ ಪರಿಚಯ ಮಾಡಿಸುತ್ತೇನೆ. ಇಷ್ಟನ್ನೆಲ್ಲ ಒಪ್ಪುವ ಒಂದು ಉತ್ಸವ ಸಿಕ್ಕರೆ ನಾನೂ ಬಂದು ಕಲಿಸುತ್ತೇನೆ.