ಈಜುಕೊಳವಷ್ಟೇ ಕಂಡವರಿಗೆ

ನಿನ್ನೆ ಶಿರಸಿಯಲ್ಲಿ ನಮ್ಮ ಬಳಗದ ಉಪನಯನವೊಂದರ ಊಟಕ್ಕೆ ಕುಳಿತಿದ್ದಾಗ, ಅಪ್ಪೆಹುಳಿ ಬಡಿಸುವ ಹೊತ್ತಿಗೆ ಎದುರಿನ ಪಂಕ್ತಿಯಿಂದ ಮಾತೊಂದು ಕೇಳಿಬಂತು: "ದುಬೈಲಿ ಹೊಸ ಮನೆ ಮಾಡಿದ್ವಡ, ಈಜುಕೊಳ ಇದ್ದಡ, ದುಡ್ಡು ಹೆಚ್ಚಾತು ಅವಕ್ಕೆ." ಅದು ನನ್ನ ತಂಗಿಯ ಸಂಸಾರದ ಸುದ್ದಿ. ನನ್ನ ನಾಲಿಗೆ ಎಂಥದ್ದೆಂದು ನಿಮಗೆಲ್ಲ ಗೊತ್ತು. ವಟುವಿನ ತಾಯಿಯ ಮುಖ ನೋಡಿ ಸುಮ್ಮನಾದೆ. ಅಲ್ಲಿ ನುಂಗಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವರು ಮಾರ್ಚ್ ಕೊನೆಯಲ್ಲಿ ಶಾರ್ಜಾದಿಂದ ದುಬೈಗೆ ಮನೆ ಬದಲಿಸಿದ್ದು ನಿಜ. ಮಗುವನ್ನು ನೋಡಿಬರಲೆಂದು ಹೋಗಿದ್ದ ನಾನು ಪಾತ್ರೆಗಳಿಗೆ ಪೇಪರ್ ಸುತ್ತುತ್ತ ಕುಳಿತದ್ದೂ ನಿಜ. ಭಾವನ ನೌಕರಿ ದುಬೈಯಲ್ಲಿ. ಬಾಡಿಗೆ ಕಡಿಮೆಯೆಂಬ ಒಂದೇ ಕಾರಣಕ್ಕೆ ವಾಸ ಶಾರ್ಜಾದಲ್ಲಿತ್ತು. ಬೆಳಗಿನ ಹೊತ್ತು ಶಾರ್ಜಾದಿಂದ ದುಬೈಗೆ ಹೋಗುವ ಅಲ್ ಇತ್ತಿಹಾದ್ ರಸ್ತೆಯಲ್ಲಿ ವಾಹನಗಳು ತೆವಳುವುದನ್ನು ಕಂಡವರಿಗೆ, ಆ ಅಗ್ಗದ ಬಾಡಿಗೆಯ ಉಳಿದ ಪಾಲನ್ನು ಮನುಷ್ಯ ಯಾವುದರಲ್ಲಿ ತೀರಿಸುತ್ತಾನೆಂದು ಬಿಡಿಸಿ ಹೇಳಬೇಕಿಲ್ಲ. ಮಗಳು ಎದ್ದಿರುವಾಗ ಅಪ್ಪ ಮನೆಯಲ್ಲಿ ಇರುತ್ತಿದ್ದುದೇ ಅಪರೂಪ. ಅಲ್ಲಿನ ಭಾರತೀಯ ಪಠ್ಯಕ್ರಮದ ಶಾಲೆಗಳು ಏಪ್ರಿಲ್‌ನಲ್ಲಿ ಹೊಸ ವರ್ಷ ಆರಂಭಿಸುತ್ತವೆ. ಅಷ್ಟರಲ್ಲೇ ಕಚೇರಿಗೂ ಶಾಲೆಗೂ ಹತ್ತಿರದ ಮನೆಯೊಂದು ಖಾಲಿಯಾಯಿತು. ಮೊದಲು ಚೆಕ್ ಕೊಟ್ಟವರಿಗೆ ಬೀಗದಕೈ ಎಂದ ದಲ್ಲಾಳಿ. ಸಂಜೆ ಮನೆ ನೋಡಿದರು, ಮರುದಿನ ಸಹಿ ಹಾಕಿದರು. ಈಜುಕೊಳ ಇದೆಯೆಂದು ತಂಗಿಗೆ ಗೊತ್ತಾದದ್ದು ಸಹಿಯಾದ ಮೇಲೆ.

ಇನ್ನು ದುಡ್ಡು ಹೆಚ್ಚಾದ ವಿಷಯ. ದುಬೈಯಲ್ಲಿ ಸಾಮಾನ್ಯವಾಗಿ ನಮ್ಮ ಹಾಗೆ ತಿಂಗಳ ಕೊನೆಗೆ ಬಾಡಿಗೆ ಎಣಿಸಿಕೊಡುವ ರೂಢಿಯಿಲ್ಲ. ವರ್ಷದ ಮೊತ್ತವನ್ನು ಒಂದೋ ಎರಡೋ ನಾಲ್ಕೋ ಭಾಗ ಮಾಡಿ, ಮುಂದಿನ ತಾರೀಕು ಹಾಕಿದ ಚೆಕ್ಕುಗಳನ್ನೆಲ್ಲ ಮೊದಲ ದಿನವೇ ಮಾಲೀಕನ ಕೈಗೆ ಕೊಡಬೇಕು. ನಾಲ್ಕು ಚೆಕ್ಕಿಗೆ ಒಪ್ಪಿದರೂ ಮೂರು ತಿಂಗಳ ಬಾಡಿಗೆ ಒಮ್ಮೆಲೇ ಹೋಗುತ್ತದೆ. ಅದರ ಮೇಲೆ ವರ್ಷದ ಬಾಡಿಗೆಯ ಶೇ. 5ರಷ್ಟು ಠೇವಣಿ, ದಲ್ಲಾಳಿಗೂ ಹೆಚ್ಚುಕಡಿಮೆ ಅಷ್ಟೇ. ನೀರು, ವಿದ್ಯುತ್ತಿಗೆ ಫ್ಲಾಟ್ ಆದರೆ 2000 ದಿರ್ಹಮ್ ಠೇವಣಿ. ಕರಾರನ್ನು ಇಜಾರಿ ಎಂಬ ಸರ್ಕಾರಿ ಬಾಡಿಗೆ ನೋಂದಣಿ ವ್ಯವಸ್ಥೆಯಲ್ಲಿ ದಾಖಲಿಸದಿದ್ದರೆ ದೀಪವೂ ಉರಿಯದು. ಉರಿದ ಮೇಲೆ ಬರುವ ಬಿಲ್ಲಿನಲ್ಲಿ, ವಾರ್ಷಿಕ ಬಾಡಿಗೆಯ ಶೇ. 5ರ ಲೆಕ್ಕದ ಪೌರಾಡಳಿತ ಶುಲ್ಕ ತಿಂಗಳ ಕಂತಾಗಿ ಸೇರಿರುತ್ತದೆ. ಇತ್ತ ಶಾರ್ಜಾದಲ್ಲಿ ಕರಾರಿನ ಅವಧಿ ಮುಗಿಯುವ ಮೊದಲೇ ಬಿಟ್ಟದ್ದಕ್ಕೆ ದಂಡ, ಗೋಡೆಯ ಮೊಳೆಯ ತೂತು ಮುಚ್ಚಿಸಿ ಬಣ್ಣ ಬಳಿಸಿದ ಖರ್ಚು. ಹಳೆಯ ಠೇವಣಿಯಂತೂ ಇನ್ನೂ ಮರಳಿ ಬಂದಿಲ್ಲ. ಇವಿಷ್ಟನ್ನೂ ಒಂದೇ ವಾರದಲ್ಲಿ ಹೊಂದಿಸಬೇಕಾಯಿತು. ತಂಗಿಯ ಎರಡು ಬಳೆ ಹೋದವು. ಪಂಕ್ತಿಯಲ್ಲಿ ಯಾರೂ ಬಳೆಯ ವಿಷಯ ಎತ್ತಲಿಲ್ಲ, ಏಕೆಂದರೆ ವಾಟ್ಸಾಪ್ ಸ್ಟೇಟಸ್‌ನಲ್ಲಿ ಬಳೆಗಳಿರಲಿಲ್ಲ, ಈಜುಕೊಳವಿತ್ತು.

ನಮ್ಮ ಕಡೆ ಮನೆಯೆಂದರೆ ಪಾಯ ತೆಗೆದು, ಚಿರೆಕಲ್ಲು ಇಳಿಸಿ, ಮಳೆಗಾಲ ದಾಟುವವರೆಗೆ ಕಾದು, ಅಡಿಕೆ ದರ ಏರಿದ ವರ್ಷ ಮಾಡು ಹೊದೆಸಿ, ಆಮೇಲೆ ಮನೆ ಒಕ್ಕಲಿನ ಊಟ ಹಾಕುವ ವ್ಯವಹಾರ. ಅಂಥ ಮನೆ ಬಿಟ್ಟು ಹೋಗುವುದೆಂದರೆ ಹಿಸೆಯಾಗಬೇಕು, ಇಲ್ಲವೇ ಸರ್ಕಾರ ಎಬ್ಬಿಸಬೇಕು. ಹೀಗಾಗಿ ಯಾರಾದರೂ ವಾರದೊಳಗೆ ಮನೆ ಬದಲಿಸಿದರೆಂದರೆ ನಮ್ಮವರಿಗೆ ಕಾಣುವುದು ಸಿರಿತನ. ಆತುರ ಕಾಣುವುದೇ ಇಲ್ಲ.

"ಬಾಡಿಗೆಯ ಮನೆ ತಾನೇ, ಇಷ್ಟೇಕೆ ಗೋಳು? ಆದಾಯ ತೆರಿಗೆ ಇಲ್ಲದ ದೇಶ, ಕಾನೂನೂ ಬಾಡಿಗೆದಾರನ ಪರ" ಎನ್ನುವವರಿದ್ದಾರೆ. ಸಂಬಳಕ್ಕೆ ತೆರಿಗೆಯಿಲ್ಲ, ಒಪ್ಪಿದೆ. ಮಾಲೀಕನೇ ವಾಸಕ್ಕೆ ಬರುವುದಾದರೂ ಮನೆ ಬಿಡಿಸಲು ಹನ್ನೆರಡು ತಿಂಗಳ ನೋಟಿಸು ಕೊಡಬೇಕು, ದುಬೈಯ 2013ರ ಆದೇಶದ ಪ್ರಕಾರ ಕರಾರು ನವೀಕರಿಸುವಾಗ ಬಾಡಿಗೆಯನ್ನು ಶೇ. 20ಕ್ಕಿಂತ ಹೆಚ್ಚು ಏರಿಸುವಂತಿಲ್ಲ, ಅದೂ ಒಪ್ಪಿದೆ. ಆದರೆ ಈ ರಕ್ಷಣೆಯೆಲ್ಲ ಒಳಗೆ ಕುಳಿತವನಿಗೆ. ಹೊಸದಾಗಿ ಬಾಗಿಲು ತಟ್ಟುವವನು ಅಂದಿನ ಮಾರುಕಟ್ಟೆ ದರ ಕೊಡಬೇಕು, ಅವನ ಹಿಂದೆ ಇನ್ನೊಬ್ಬ ಚೆಕ್ ಹಿಡಿದು ನಿಂತಿರುತ್ತಾನೆ. ವಾರದ ಆತುರವೇಕೆ ಎಂದು ಕೇಳುವವರು ಅಂಥ ಸಾಲಿನಲ್ಲಿ ಒಂದು ಸಂಜೆ ನಿಂತು ಬರಲಿ.

ಹೊಸ ಮನೆ ಚೆನ್ನಾಗಿಲ್ಲವೆಂದು ನಾನು ಹೇಳುತ್ತಿಲ್ಲ. ಬೆಳಕಿದೆ, ಬಾಲ್ಕನಿಯಿದೆ, ಭಾವ ಸಂಜೆ ಮಗಳ ಜೊತೆ ಊಟಕ್ಕೆ ಕೂರುತ್ತಾನೆ. ಪಾತ್ರೆ ತೊಳೆಯುವ ಯಂತ್ರ ನೋಡಿ ನನಗೇ ಹೊಟ್ಟೆಕಿಚ್ಚಾಯಿತು, ಇದನ್ನು ಮುಚ್ಚಿಡುವುದಿಲ್ಲ. ನನ್ನ ತಕರಾರು ಇಷ್ಟೇ: ಸುಖವನ್ನು ಸ್ಟೇಟಸ್‌ನಲ್ಲಿ ಕಂಡವರಿಗೆ ಅದರ ಹಿಂದಿನ ಓಟವನ್ನು ಊಹಿಸುವಷ್ಟೂ ವ್ಯವಧಾನವಿಲ್ಲ. ಅವಳಿಗೆ ಹುಷಾರಿದೆಯೇ, ಹೊಸ ಶಾಲೆಗೆ ಮಗು ಹೊಂದಿಕೊಂಡಿತೇ ಎಂದು ಒಬ್ಬರಾದರೂ ಕೇಳಬೇಡವೇ? ಅಕ್ಕ ಎದುರಿಗೇ ಕುಳಿತಿದ್ದಳಲ್ಲ!

ಪಾಯಸ ಬರುವಷ್ಟರಲ್ಲಿ ದಸರಾ ರಜೆಗೆ ದುಬೈಗೆ ಹೋಗುವ ಯೋಜನೆಯೂ ಅಲ್ಲೇ ಸಿದ್ಧವಾಯಿತು. ಅಕ್ಟೋಬರ್‌ನಲ್ಲಿ ಮೂರನೆಯ ಚೆಕ್ ಬ್ಯಾಂಕಿಗೆ ಹೋಗುತ್ತದೆ. ಟಿಕೆಟ್ ತೆಗೆಸುವ ಮೊದಲು ತಂಗಿಗೊಂದು ಫೋನ್ ಮಾಡಿ. ಈಜುಕೊಳ ಬಿಟ್ಟು ಬೇರೇನಾದರೂ ಕೇಳಿ.