ಕಾಸು ಕೊಟ್ಟವನ ಮನೆಗೇ ಬೀಗ

ಭಾನುವಾರ ಮಂಗಳೂರಿನ ಕುಲಶೇಖರದಲ್ಲಿ ಅಕ್ಕನ ಮನೆಗೆ ಹೋಗಿದ್ದೆ. ಆಟಿ ತಿಂಗಳ ಮಳೆ, ಶುಕ್ರವಾರದಿಂದ ಬಿಟ್ಟೇ ಇರಲಿಲ್ಲ. ಅಡುಗೆಮನೆಯಲ್ಲಿ ಪತ್ರೊಡೆ ಬೇಯುತ್ತಿತ್ತು. ಒಳಗಿನ ಕೋಣೆಯಲ್ಲಿ ಅಕ್ಕನ ಮಗ ಕಂಪ್ಯೂಟರ್ ಮುಂದೆ ಕೈಕಟ್ಟಿ ಕೂತಿದ್ದ. ಪರದೆ ಮೇಲೆ ಎರಡು ಸಾಲಿನ ಒಂದು ಸಂದೇಶ, ಅಷ್ಟೇ.

"ಎಂತ ಆಯ್ತು ಮಾರಾಯ?" ಅಂದೆ.

"ನೆಟ್ ಇಲ್ಲ ಮಾಮ."

"ನೀನೊಬ್ಬನೇ ಆಡುವ ಆಟ ಅಲ್ವಾ ಅದು? ಅದಕ್ಕೆ ನೆಟ್ ಎಂತಕ್ಕೆ?"

"ಲೈಸೆನ್ಸ್ ಉಂಟಾ ಅಂತ ನೋಡ್ತದೆ. ಅಲ್ಲಿಂದ ಉತ್ತರ ಬಾರದೆ ಓಪನ್ ಆಗುವುದಿಲ್ಲ."

ಶುಕ್ರವಾರ ರಾತ್ರಿ ಗಾಳಿಗೆ ತೆಂಗಿನ ಮಡಲು ಬಿದ್ದು ಕೇಬಲ್ ತುಂಡಾಗಿದೆ. ಮೊಬೈಲಿನ ಹಾಟ್‌ಸ್ಪಾಟ್ ಹಿಡಿದು ಹುಡುಗ ಜಗಲಿಯಿಂದ ಮಹಡಿಗೆ, ಮಹಡಿಯಿಂದ ಜಗಲಿಗೆ ಓಡಾಡಿದ್ದಾನೆ. ಮಳೆಗೆ ಅದೂ ನಿಲ್ಲುತ್ತಿರಲಿಲ್ಲ. ಅಜ್ಜಿ ಕೊಟ್ಟ ಹಣ, ಹಬ್ಬಕ್ಕೆ ಬಂದ ಹಣ ಎಲ್ಲ ಕೂಡಿಟ್ಟು ಕೊಂಡ ಆಟ ಅದು. ಎರಡು ರಾತ್ರಿ ಕಾದು ಇಳಿಸಿಕೊಂಡಿದ್ದ. ಆಟ ಪೂರ್ತಿ ಅವನ ಹಾರ್ಡ್‌ಡಿಸ್ಕಿನಲ್ಲೇ ಇದೆ. ಕರೆಂಟ್ ಉಂಟು, ಕಂಪ್ಯೂಟರ್ ಉಂಟು, ಆಟ ಉಂಟು. ಆದರೂ ಆಡುವ ಹಾಗಿಲ್ಲ.

ಆಮೇಲೆ ಅವನು ಹೇಳಿದ ಮಾತಿಗೆ ನನ್ನ ತಲೆ ಕೆಟ್ಟಿತು. ಆಚೆ ಓಣಿಯಲ್ಲಿ ಅವನ ಗೆಳೆಯ ಇದೇ ಆಟವನ್ನು ಕ್ರ್ಯಾಕ್ ಮಾಡಿದ್ದು, ಅಂದರೆ ಲೈಸೆನ್ಸ್ ನೋಡುವ ಬೀಗ ಒಡೆದ ಕಳ್ಳ ಪ್ರತಿ, ಹಾಕಿಕೊಂಡಿದ್ದಾನಂತೆ. ಅವರ ಮನೆಯಲ್ಲೂ ನೆಟ್ ಇಲ್ಲ. ಅವನು ಮಾತ್ರ ಎರಡು ದಿನದಿಂದ ಆರಾಮಾಗಿ ಆಡುತ್ತಿದ್ದಾನೆ.

ಹಣ ಕೊಟ್ಟವನು ಕೈಕಟ್ಟಿ ಕೂತಿದ್ದಾನೆ. ಕೊಡದವನು ಆಡುತ್ತಿದ್ದಾನೆ. ಇದನ್ನು ಹದಿನೇಳು ವರ್ಷದ ಹುಡುಗನಿಗೆ ನಾನು ಏನೆಂದು ವಿವರಿಸಲಿ?

ನನಗೆ ಆರ್‌ಪಿಜಿ ಹುಚ್ಚು. ಆರ್‌ಪಿಜಿ ಅಂದರೆ ನಾವೇ ಒಂದು ಪಾತ್ರವಾಗಿ ಕತೆಯೊಳಗೆ ಹೋಗಿ ಆಡುವ ಆಟ. ಈ ಜಾತಿಯ ಆಟಕ್ಕೆ ಇಂಥ ಬೀಗ ಹಾಕುವುದು ಉಳಿದ ಆಟಗಳಿಗಿಂತ ದೊಡ್ಡ ಅನ್ಯಾಯ ಅನ್ನುವುದು ನನ್ನ ಮಾತು. ಕಾರ್ ರೇಸ್ ಆದರೆ ಹತ್ತು ನಿಮಿಷದ ಆಟ, ಇವತ್ತಲ್ಲ ನಾಳೆ ಆಡಬಹುದು. ಆರ್‌ಪಿಜಿಯಲ್ಲಿ ನಾವು ಒಂದು ಪಾತ್ರ ಕಟ್ಟುತ್ತೇವೆ. ಯಾರನ್ನು ಉಳಿಸುವುದು, ಯಾರ ಕೈ ಬಿಡುವುದು, ಯಾವ ಮಾತಿಗೆ ಏನು ಉತ್ತರ ಅಂತ ರಾತ್ರಿಗಟ್ಟಲೆ ಯೋಚಿಸಿ ಮುಂದೆ ಹೋಗುತ್ತೇವೆ. ಅಲ್ಲಿವರೆಗೆ ಆಡಿದ್ದನ್ನು ಉಳಿಸಿಡುವ ಸೇವ್ ಫೈಲ್ ಅಂತ ಒಂದು ಇರುತ್ತದೆ, ನನ್ನ ಅಳಿಯನದ್ದರಲ್ಲಿ 62 ಗಂಟೆಯ ಆಟ ಇತ್ತು. ಆಟ ಕಂಪನಿಯದ್ದು ಅನ್ನಿ, ಒಪ್ಪುತ್ತೇನೆ. ಆ 62 ಗಂಟೆ ಯಾರದ್ದು? ಅದನ್ನು ಕಂಪನಿ ಮಾಡಿದ್ದಲ್ಲ. ಅವನು ಮಾಡಿದ್ದು. ಬೀಗ ಬಿದ್ದದ್ದು ಅದರ ಮೇಲೆ.

ಇದು ನಮ್ಮ ಊರಿನ ಮಳೆಯ ತೊಂದರೆ ಮಾತ್ರ ಅಂದುಕೊಳ್ಳಬೇಡಿ. 2011ರ ಏಪ್ರಿಲ್‌ನಲ್ಲಿ ಡ್ರ್ಯಾಗನ್ ಏಜ್: ಒರಿಜಿನ್ಸ್ ಆಡುವವರಿಗೆ ಇದೇ ಗತಿಯಾಗಿತ್ತು. ಅವರ ಮನೆಯ ನೆಟ್ ಚೆನ್ನಾಗಿಯೇ ಇತ್ತು. ಕೆಟ್ಟದ್ದು ಕಂಪನಿಯ ಸರ್ವರ್. ಹಣ ಕೊಟ್ಟು ಕೊಂಡ ಹೆಚ್ಚುವರಿ ಭಾಗಗಳಿಗೆ ಒಪ್ಪಿಗೆ ಸಿಗಲಿಲ್ಲ. ಆ ಭಾಗಗಳನ್ನು ಸೇರಿಸಿಕೊಂಡು ಆಡಿದ ಸೇವ್‌ಗಳು ತೆರೆಯಲೇ ಇಲ್ಲ. ಒಂದು ವರ್ಷದ ನಂತರ, 2012ರ ಮೇ 15ಕ್ಕೆ ಡಯಾಬ್ಲೊ 3 ಬಂತು. ಒಬ್ಬನೇ ಆಡಿದರೂ ಸದಾ ನೆಟ್ ಇರಲೇಬೇಕು ಅನ್ನುವ ಆಟ. ಮೊದಲ ದಿನವೇ ಸರ್ವರ್ ತುಂಬಿ ತುಳುಕಿತು. ಜಗತ್ತಿನ ತುಂಬ ಜನ ರಜೆ ಹಾಕಿ ಕೂತಿದ್ದರು. ಅವರು ಕಂಡದ್ದು 'ಎರರ್ 37' ಅನ್ನುವ ಸಾಲು ಮಾತ್ರ.

ನನ್ನದೇ ಒಂದು ಕತೆ ಹೇಳುತ್ತೇನೆ. ಇದನ್ನು ಇಲ್ಲಿವರೆಗೆ ಯಾರಿಗೂ ಹೇಳಿರಲಿಲ್ಲ.

ಕಾಲೇಜಿನಲ್ಲಿ ಇದ್ದಾಗ ನಾನು ಆಡಿದ್ದೆಲ್ಲ ಕಳ್ಳ ಸಿಡಿ. ಸ್ಟೇಟ್‌ಬ್ಯಾಂಕ್‌ನಲ್ಲಿ ಬಸ್ ಇಳಿದು ಹಂಪನಕಟ್ಟೆಗೆ ನಡೆದು, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊಡುವ ಸಿಡಿ ತರುತ್ತಿದ್ದೆವು. ಕವರಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಆಟದ ಹೆಸರು. ಕೆಲಸ ಸಿಕ್ಕಿದ ಮೇಲೆ ಇನ್ನು ಹೀಗೆ ಆಡಬಾರದು ಅಂತ ನಿರ್ಧಾರ ಮಾಡಿದೆ. ಎರಡನೇ ತಿಂಗಳ ಸಂಬಳದಲ್ಲಿ ಒಂದು ಒರಿಜಿನಲ್ ಆರ್‌ಪಿಜಿ ಕೊಂಡೆ. ಪೆಟ್ಟಿಗೆ, ಒಳಗೆ ದಪ್ಪ ಕೈಪಿಡಿ, ಮಡಚಿದ ನಕ್ಷೆ. ಆ ನಕ್ಷೆಯನ್ನು ನಾನು ಎಷ್ಟು ಸಲ ಬಿಡಿಸಿ ನೋಡಿದ್ದೇನೋ ಲೆಕ್ಕ ಇಲ್ಲ.

ನಮ್ಮ ಮಳೆಗಾಲ ನಿಮಗೆ ಗೊತ್ತಲ್ವಾ. ಚಪ್ಪಲಿಗೆ ಬೂಸ್ಟು, ಬೆಲ್ಟಿಗೆ ಬೂಸ್ಟು, ಕಪಾಟಿನ ಒಳಗಿಟ್ಟ ರೇಷ್ಮೆ ಸೀರೆಗೂ ಬೂಸ್ಟು. ಎರಡನೇ ಮಳೆಗಾಲದಲ್ಲಿ ನನ್ನ ಡಿಸ್ಕಿಗೂ ಹಿಡಿಯಿತು. ಅಂಚಿನಿಂದ ಒಳಕ್ಕೆ ಜೇಡರ ಬಲೆಯ ಎಳೆಯ ಹಾಗೆ ಬಿಳಿ ಗೆರೆ ಹರಡಿತ್ತು. ಟ್ಯೂಬ್‌ಲೈಟಿಗೆ ಹಿಡಿದರೆ ಆ ಗೆರೆಗಳಲ್ಲಿ ಬೆಳಕು ಈಚೆ ಕಾಣುತ್ತಿತ್ತು. ಒಳಗಿನ ಬೆಳ್ಳಿ ಬಣ್ಣದ ಪದರವನ್ನೇ ಅದು ತಿಂದಿತ್ತು. ಹತ್ತಿ ಬಟ್ಟೆಯಲ್ಲಿ ಒರೆಸಿದೆ, ಏನೂ ಆಗಲಿಲ್ಲ. ಆಟ ಪೂರ್ತಿ ಕಂಪ್ಯೂಟರಿನೊಳಗೆ ಇನ್‌ಸ್ಟಾಲ್ ಆಗಿಯೇ ಇತ್ತು. ಆದರೆ ಪ್ರತಿ ಸಲ ಶುರು ಮಾಡುವಾಗ ಡಿಸ್ಕ್ ಡ್ರೈವಿನಲ್ಲಿ ಇದೆಯಾ ಅಂತ ಪರೀಕ್ಷೆ. ಡ್ರೈವ್ ಕರಕರ ಅಂತ ತಿರುಗುತ್ತಿತ್ತು. 'ಸರಿಯಾದ ಡಿಸ್ಕ್ ಹಾಕಿ' ಅನ್ನುತ್ತಿತ್ತು.

ಬಿಲ್ಲಿನ ಚಿತ್ರ ತೆಗೆದು ಕಂಪನಿಗೆ ಇಮೇಲ್ ಮಾಡಿದೆ. ಉತ್ತರ ಬರಲಿಲ್ಲ. ಮೂರು ವಾರ ಕಾದೆ. ಒಂದು ರಾತ್ರಿ ಕೂತು ನನ್ನದೇ ಆಟಕ್ಕೆ ಕ್ರ್ಯಾಕ್ ಫೈಲ್ ಇಳಿಸಿದೆ. ಎರಡು ನಿಮಿಷದಲ್ಲಿ ಆಟ ತೆರೆಯಿತು. ಖುಷಿ ಆಗಲಿಲ್ಲ ಮಾರಾಯ್ರೆ, ನಾಚಿಕೆ ಆಯಿತು. ಇನ್ನು ಕದಿಯಬಾರದು ಅಂತ ದುಡಿದ ಹಣ ಕೊಟ್ಟು ಕೊಂಡವನನ್ನು ಅದೇ ಕಳ್ಳರ ಬಾಗಿಲಿಗೆ ಕಳಿಸಿದ್ದು ಯಾರು?

ಕಾನೂನನ್ನು ಆಮೇಲೆ ಓದಿದೆ. ನಮ್ಮ 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ನ್ಯಾಯವಾಗಿ ಕೊಂಡ ಪ್ರೋಗ್ರಾಮ್ ಹಾಳಾದೀತು ಅಂತ ಒಂದು ಬ್ಯಾಕಪ್ ಪ್ರತಿ ಮಾಡಿಟ್ಟುಕೊಳ್ಳಬಹುದು. 2012ರಲ್ಲಿ 65ಎ ಅಂತ ಒಂದು ಸೆಕ್ಷನ್ ಸೇರಿತು. ಹಕ್ಕುಗಳನ್ನು ಉಲ್ಲಂಘಿಸುವ ಉದ್ದೇಶದಿಂದ ಇಂಥ ಬೀಗ ಮುರಿದರೆ ಎರಡು ವರ್ಷದವರೆಗೆ ಜೈಲು ಮತ್ತು ದಂಡ. ಉದ್ದೇಶದಿಂದ ಅನ್ನುವ ಮಾತು ಅಲ್ಲಿದೆ, ಅದು ದೊಡ್ಡ ಸಮಾಧಾನ. ಆದರೆ ಬ್ಯಾಕಪ್ ಮಾಡಬಹುದು ಅಂತ ಕಾನೂನು ಹೇಳಿದರೂ, ಮಾಡಲು ಆಗದ ಹಾಗೆ ಡಿಸ್ಕ್ ಮಾಡಿದರೆ ನಾನು ಆ ಹಕ್ಕನ್ನು ಎಲ್ಲಿ ಇಟ್ಟುಕೊಳ್ಳಲಿ?

ಹಳೇ ಕಾಲದಲ್ಲೂ ಬೀಗ ಇತ್ತು. ಅದರ ಮೇಲೆ ನನಗೆ ಸಿಟ್ಟಿಲ್ಲ, ಪ್ರೀತಿಯೇ ಇದೆ. 1988ರ ಪೂಲ್ ಆಫ್ ರೇಡಿಯನ್ಸ್ ಆಟದ ಪೆಟ್ಟಿಗೆಯಲ್ಲಿ ಒಂದು ಚಕ್ರ ಬರುತ್ತಿತ್ತು. ಒಂದರ ಮೇಲೊಂದು ಕೂರಿಸಿದ ರಟ್ಟಿನ ಬಿಲ್ಲೆಗಳು. ಪರದೆಯಲ್ಲಿ ಆ ಕತೆಯ ಯಕ್ಷರ (ಎಲ್ಫ್) ಲಿಪಿಯ ಒಂದು ಗುರುತು, ಕುಳ್ಳರ ಲಿಪಿಯ ಒಂದು ಗುರುತು ಬರುತ್ತದೆ. ಚಕ್ರ ತಿರುಗಿಸಿ ಎರಡನ್ನೂ ಸೇರಿಸಿ, ಅಲ್ಲಿ ಕಾಣುವ ಪದವನ್ನು ಟೈಪ್ ಮಾಡಬೇಕು. ನಾನು ಅದರ ಚಿತ್ರ ಮಾತ್ರ ನೋಡಿದ್ದೇನೆ, ಕೈಯಲ್ಲಿ ಹಿಡಿಯುವ ಆಸೆ ಇನ್ನೂ ಇದೆ. ಅದೇ ವರ್ಷದ ವೇಸ್ಟ್‌ಲ್ಯಾಂಡ್‌ನಲ್ಲಿ ಕತೆಯ ಎಷ್ಟೋ ಭಾಗ ಆಟದ ಜೊತೆ ಬರುವ ಪುಸ್ತಕದಲ್ಲಿತ್ತು. ಇಂಥ ಪ್ಯಾರಾ ಓದು ಅಂತ ಆಟ ಹೇಳುತ್ತಿತ್ತು. ಮೊದಲೇ ಕದ್ದು ಓದುವವರ ದಾರಿ ತಪ್ಪಿಸಲು ಮಂಗಳ ಗ್ರಹದ ಒಂದು ಸುಳ್ಳು ಕತೆಯನ್ನೂ ಸೇರಿಸಿದ್ದರು! 1992ರ ಅಲ್ಟಿಮಾ 7ರಲ್ಲಂತೂ ಊರಿನ ಮೇಯರೇ ಕೈಪಿಡಿ ಮತ್ತು ನಕ್ಷೆ ನೋಡಿ ಉತ್ತರ ಹೇಳು ಅಂತ ಪ್ರಶ್ನೆ ಕೇಳುತ್ತಾನೆ. ಆ ಬೀಗದ ಕೀಲಿ ಕೊಂಡವನ ಕೈಯಲ್ಲಿ ಇರುತ್ತಿತ್ತು. ಈಗಿನ ಕೀಲಿ ಇನ್ಯಾವುದೋ ದೇಶದ ಸರ್ವರಿನಲ್ಲಿ ಇದೆ. ಅವರು ಸರ್ವರ್ ಆಫ್ ಮಾಡಿದ ದಿನ ಕೀಲಿಯೂ ಹೋಯಿತು.

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಗೆಳೆಯನಿಗೆ ಭಾನುವಾರ ರಾತ್ರಿಯೇ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. "ಐದು ವರ್ಷ ನೂರಾರು ಜನ ಕೂತು ಮಾಡಿದ್ದನ್ನು ಮೊದಲ ದಿನವೇ ಕದ್ದರೆ ಅವರು ಊಟ ಮಾಡುವುದು ಬೇಡವಾ?" ಅಂದ. ಬೇಕು. ಖಂಡಿತ ಬೇಕು. ಅದಕ್ಕೇ ಅಲ್ವಾ ನಾನು ಹಣ ಕೊಟ್ಟು ಕೊಳ್ಳುವುದು. ಆದರೆ ಬೀಗದಿಂದ ಕಳ್ಳತನ ನಿಂತಿತಾ?

ದಿ ವಿಚರ್ 2 ಅನ್ನುವ ಆರ್‌ಪಿಜಿ ನೋಡಿ. 2011ರ ಮೇ ತಿಂಗಳಲ್ಲಿ ಬಂತು. ಜಿಒಜಿ ಅನ್ನುವ ಆನ್‌ಲೈನ್ ಆಟದ ಅಂಗಡಿಯಲ್ಲಿ ಬೀಗವೇ ಇಲ್ಲದೆ ಮಾರಿದರು. ಪೆಟ್ಟಿಗೆಯಲ್ಲಿ ಬಂದದ್ದಕ್ಕೆ ಬೀಗ ಇತ್ತು. ಜನ ಜನರಿಗೆ ನೆಟ್‌ನಲ್ಲಿ ಫೈಲ್ ಹಂಚುವ ಟೊರೆಂಟಿನಲ್ಲಿ ಹರಡಿದ್ದು ಯಾವುದು ಗೊತ್ತಾ? ಬೀಗ ಒಡೆದದ್ದೇ! ಆಟ ಮಾಡಿದ ಕಂಪನಿಯ ಮಾರ್ಚಿನ್ ಇವಿನ್ಸ್ಕಿ ಅವರೇ ಕೊಟ್ಟ ಅಂದಾಜಿನಂತೆ ಆ ವರ್ಷ ಸುಮಾರು 45 ಲಕ್ಷ ಕಳ್ಳ ಪ್ರತಿ ಇಳಿದವು. ಮಾರಾಟ ಆದದ್ದು 10 ಲಕ್ಷದ ಮೇಲೆ. ಅಂದರೆ ಬೀಗ ಒಬ್ಬ ಕಳ್ಳನನ್ನೂ ತಡೆಯಲಿಲ್ಲ. ಅವರಿಗೆ ಇದು ಬೇಗ ಅರ್ಥ ಆಯಿತು. ಬಿಡುಗಡೆಯಾದ ಎರಡು ವಾರದೊಳಗೆ ಬಂದ ಮೊದಲ ಪ್ಯಾಚಿನಲ್ಲೇ (ಆಟವನ್ನು ತಿದ್ದುವ ಫೈಲ್) ಬೀಗ ಕಿತ್ತು ಹಾಕಿದರು. ಮುಂದಿನ ವಿಚರ್ 3ಕ್ಕೆ ಬೀಗವನ್ನೇ ಹಾಕಲಿಲ್ಲ. ಅದು 5 ಕೋಟಿಗೂ ಜಾಸ್ತಿ ಮಾರಾಟವಾಯಿತು. 2023ರ ಬಾಲ್ಡರ್ಸ್ ಗೇಟ್ 3 ಕೂಡ ಜಿಒಜಿಯಲ್ಲಿ ಬೀಗ ಇಲ್ಲದೆ ಸಿಗುತ್ತದೆ. ಆ ವರ್ಷದ ಎಷ್ಟೋ ದೊಡ್ಡ ಪ್ರಶಸ್ತಿ ಅದಕ್ಕೇ ಹೋಯಿತು. ಅದನ್ನು ಮಾಡಿದವರು ಹಸಿದು ಕೂತಿಲ್ಲ.

"ನೆಟ್ ಈಗ ಎಲ್ಲ ಕಡೆ ಇದೆಯಲ್ಲ" ಅಂತಲೂ ಗೆಳೆಯ ಅಂದ. ಅವನನ್ನು ಒಂದು ಜುಲೈಯಲ್ಲಿ ಇಲ್ಲಿಗೆ ಕರೆದುಕೊಂಡು ಬರಬೇಕು. ಸಿಡಿಲು ಬರುವ ಮೊದಲೇ ಮೋಡೆಮ್ ವಯರ್ ಎಳೆದು ಬಿಸಾಡುವ ಊರು ನಮ್ಮದು.

ಆಟಗಾರರು ಗಲಾಟೆ ಮಾಡಿದರೆ ಆಗುವುದಿಲ್ಲ ಅಂತಲೂ ಇಲ್ಲ. 2008ರಲ್ಲಿ ಮಾಸ್ ಎಫೆಕ್ಟ್ ಆಟವನ್ನು ಕಂಪ್ಯೂಟರಿಗೆ ತರುವಾಗ, ಹತ್ತು ದಿನಕ್ಕೊಮ್ಮೆ ನೆಟ್‌ಗೆ ಹೋಗಿ ಲೈಸೆನ್ಸ್ ತೋರಿಸಬೇಕು ಅಂದಿದ್ದರು. ಜನ ಎಷ್ಟು ಸಿಟ್ಟಾದರು ಅಂದರೆ, ಆಟ ಬರುವ ಮೊದಲೇ ಆ ನಿಯಮ ಹಿಂದಕ್ಕೆ ಹೋಯಿತು. ಮೂರು ಕಂಪ್ಯೂಟರಿನಲ್ಲಷ್ಟೇ ಹಾಕಿಕೊಳ್ಳಬಹುದು ಅನ್ನುವ ಮಿತಿ ಮಾತ್ರ ಉಳಿಯಿತು. ಸರ್ವರ್ ಆಫ್ ಮಾಡಿ ಜನ ಕೊಂಡ ಆಟ ಕೊಲ್ಲಬೇಡಿ ಅಂತ ಯುರೋಪಿನಲ್ಲಿ ನಡೆದ ಸಹಿ ಅಭಿಯಾನ 2025ರ ಜುಲೈಯಲ್ಲಿ 10 ಲಕ್ಷ ದಾಟಿತು. ನಾವು ಇಲ್ಲಿ ಬಾಯಿ ಬಿಟ್ಟು ಒತ್ತಾಯ ಮಾಡಿದ್ದೇ ಇಲ್ಲ. ಒರಿಜಿನಲ್ ಕೊಳ್ಳುವವರೇ ನಾಲ್ಕು ಜನ, ಅವರೂ ಸುಮ್ನೆ ಇದ್ದರೆ ಹೇಗೆ?

ಬುಧವಾರ ಸಂಜೆ ಅಳಿಯನ ಮೆಸೇಜ್ ಬಂತು. ಕೇಬಲ್ ಸರಿಯಾಗಿದೆ, ಆಟ ತೆರೆದಿದೆ. ಅದರ ಕೆಳಗೆ ಇನ್ನೊಂದು ಸಾಲು: "ಮಾಮ, ಮುಂದಿನ ಸಲ ಕೊಳ್ಳುವುದಾ ಬೇಡವಾ?"

ಕೊಳ್ಳು ಅಂತ ಬರೆದೆ. ಆದರೆ ಕೊಳ್ಳುವ ಮೊದಲು ನೆಟ್ ಇಲ್ಲದೆ ಓಪನ್ ಆಗುತ್ತದಾ ಅಂತ ನೋಡು, ಆಗುವುದಿಲ್ಲ ಅಂದರೆ ಬಿಡು, ಯಾಕೆ ಬಿಟ್ಟೆ ಅಂತ ಕಂಪನಿಗೆ ಎರಡು ಸಾಲು ಬರಿ ಅಂದೆ. ಅವನ ಹುಟ್ಟುಹಬ್ಬಕ್ಕೆ ಬೀಗ ಇಲ್ಲದ ಒಂದು ಆರ್‌ಪಿಜಿ ಕೊಂಡಿದ್ದೇನೆ. ಇನ್‌ಸ್ಟಾಲರ್ ಈಗ ನನ್ನ ಹಾರ್ಡ್‌ಡಿಸ್ಕಿಗೆ ಇಳಿಯುತ್ತಾ ಇದೆ. ಅಮ್ಮನ ಹತ್ತಿರ ಮುಚ್ಚಳ ಬಿಗಿಯಾದ ಒಂದು ಸ್ಟೀಲ್ ಡಬ್ಬಿ ಕೇಳಿದ್ದೇನೆ. ಬೂಸ್ಟು ಹಿಡಿಯದ ಹಾಗೆ ಆ ಹಾರ್ಡ್‌ಡಿಸ್ಕನ್ನು ಅದರಲ್ಲಿಟ್ಟು ಶನಿವಾರ ಕುಲಶೇಖರಕ್ಕೆ ಕೊಟ್ಟು ಬರುತ್ತೇನೆ.