ಆಲು ಅಲ್ಲ ಅಜ್ಜಿ, ಹಾಲು

ಮೊನ್ನೆ ಅವ್ವ ಮದ್ದೂರಿಂದ ಮೈಸೂರಿನ ನಮ್ಮ ಮನೆಗೆ ಬಂದಿದ್ದಳು. ಬೆಳಿಗ್ಗೆ ಮಗಳ ಕೈಗೆ ಲೋಟ ಕೊಟ್ಟು "ಆಲು ಕುಡಿ ಕೂಸು" ಅಂದಳು. ಮೂರನೇ ಕ್ಲಾಸಿನ ಮಗಳು ಟೀಚರ್ ಥರ ಬೆರಳೆತ್ತಿ "ಆಲು ಅಲ್ಲ ಅಜ್ಜಿ, ಹಾಲು" ಅಂದಳು. ಅವ್ವ ಒಂಚೂರೂ ಬೇಜಾರಿಲ್ಲದೆ "ಅದ್ನೇ ಕಣವ್ವ ನಾನೂ ಏಳಿದ್ದು, ಆಲು" ಅಂದಳು.

ಎಲ್ಲರೂ ನಕ್ಕೆವು. ಆಮೇಲೆ ನನಗೆ ಯಾಕೋ ಸಪ್ಪಗಾಯಿತು. ಇದೇ ಹಕಾರಕ್ಕೆ ಸ್ಕೂಲಲ್ಲಿ ಬೆಂಚಿನ ಮೇಲೆ ನಿಂತವನು ನಾನು. ಹಾಸನವನ್ನು "ಆಸನ" ಅಂತ ಓದಿದ್ದಕ್ಕೆ ಇಡೀ ಕ್ಲಾಸು ನಕ್ಕಿತ್ತು, ಮಾರನೇ ದಿನ ಆ ಭಯಕ್ಕೆ ಆನೆಯನ್ನು "ಹಾನೆ" ಮಾಡಿ ಇನ್ನೂ ಜಾಸ್ತಿ ನಗಿಸಿದೆ. ಸಿಕ್ಕಸಿಕ್ಕ ಕಡೆ ಹ ಅಂಟಿಸುವ ಈ ಪಾಡು ನಮ್ಮ ಕಡೆಯ ಹುಡುಗರಿಗೆ ಚೆನ್ನಾಗಿ ಗೊತ್ತು.

ಇದನ್ನು ಕೆಟ್ಟ ಕನ್ನಡ ಅನ್ನುವವರು ಸ್ವಲ್ಪ ಹಿಂದಕ್ಕೆ ಹೋಗಿ ನೋಡಲಿ. ಪಂಪನ ಕಾಲದಲ್ಲಿ ಹಾಲು ಹಾಲಾಗಿರಲಿಲ್ಲ, "ಪಾಲ್" ಆಗಿತ್ತು. ತಮಿಳರು ಇವತ್ತಿಗೂ ಪಾಲ್ ಅನ್ನುತ್ತಾರೆ, ತೆಲುಗರು ಪಾಲು. ನಮ್ಮಲ್ಲಿ ಪ ಹೋಗಿ ಹ ಬಂತು, ಪುಲಿ ಹುಲಿಯಾಯಿತು, ಪೋಗು ಹೋಗು ಆಯಿತು. ಮಂಡ್ಯದವರು ಅದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಇಟ್ಟು ಹ ಕೂಡ ಬಿಟ್ಟರು. ಮೊದಲ ಹೆಜ್ಜೆಯವರು ಶುದ್ಧ, ಎರಡನೆಯವರು ಗಮಾರರು ಅಂದರೆ ಎಲ್ಲಿಯ ನ್ಯಾಯ ಸ್ವಾಮಿ?

ಬಾಯಿಗೆ ಬಂದ ಹಾಗೆ ಮಾತಾಡುತ್ತಾರೆ ಅನ್ನುವುದೂ ಸುಳ್ಳು. ಬರ್ತೀನಿ "ಬತ್ತೀನಿ" ಆದರೆ ತರ್ತೀನಿ "ತತ್ತೀನಿ" ಆಗಲೇಬೇಕು. ಹುಡುಗನಿಗೆ "ಯಾಕ್ಲಾ", ಹುಡುಗಿಗೆ "ಯಾಕಮ್ಮಿ". ಅದಲುಬದಲು ಮಾಡಿ ನೋಡಿ, ನಮ್ಮೂರಿನ ಐದು ವರ್ಷದ ಮಗುವೂ ತಿದ್ದುತ್ತದೆ. ವ್ಯಾಕರಣ ಅಂದರೆ ಅದೇ ಅಲ್ವಾ?

ಇನ್ನು ಪಾಠದ ಪುಸ್ತಕದ "ಹೋಗುತ್ತೇನೆ". ಮೈಸೂರಿನ ಯಾವ ಅಗ್ರಹಾರದ ಅಡುಗೆಮನೆಯಲ್ಲೂ ಅದನ್ನು ಯಾರೂ ಹೇಳುವುದಿಲ್ಲ. ಅದು ಬರೆಯುವ ಕನ್ನಡ. ಬೀದರಿನವರೂ ಮಂಗಳೂರಿನವರೂ ಒಂದೇ ಪೇಪರ್ ಓದೋಕೆ, ಒಂದೇ ಅರ್ಜಿ ತುಂಬೋಕೆ ಬೇಕೇ ಬೇಕು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಅದಕ್ಕೆ ಗತ್ತು ಬಂದದ್ದು ದರ್ಬಾರು, ಕಚೇರಿ, ಕಾಲೇಜು ಇದ್ದ ಕಡೆಯ ಓದಿದವರ ಮಾತಿಗೆ ಹತ್ತಿರ ಇದ್ದದ್ದಕ್ಕೆ. ದರ್ಬಾರು ಜಾಗ ಬದಲಿಸಿದರೆ ಗತ್ತೂ ಹೊರಡುತ್ತದೆ. ಸುಮಾರು 850ರಲ್ಲಿ ಬಂದ ಕವಿರಾಜಮಾರ್ಗ ಕನ್ನಡದ ತಿರುಳು ಅಂತ ಗುರುತಿಸಿದ್ದು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದದ ನಡುವಿನ ನಾಡನ್ನು. ಅಂದರೆ ಇವತ್ತಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರದ ಕಡೆ. ಕನ್ನಡನಾಡಿಗೆ ಅದು ಹಾಕಿದ ತೆಂಕಣ ಗಡಿ ಕಾವೇರಿ. ಆ ಲೆಕ್ಕದಲ್ಲಿ ನಾವೂ ಮೈಸೂರಿನವರೂ ಒಟ್ಟಿಗೆ ಬೇಲಿ ಪಕ್ಕದವರು! ದೇಸಿಗಳು, ಅಂದರೆ ಆಯಾ ಕಡೆಯ ಮಾತುಗಳು, ಎಷ್ಟೊಂದು ಬಗೆ ಅಂದರೆ ಸರ್ಪರಾಜ ವಾಸುಕಿಗೂ ಬೇಸರವಾಗುತ್ತದೆ ಅಂತಲೂ ಅದರಲ್ಲೇ ಇದೆ. ಬಗೆಬಗೆ ಮಾತು ಆಗಲೂ ಇತ್ತು.

ನನ್ನ ತಪ್ಪೂ ಇದೆ. ಊರಿಗೆ ಹೋಗುವಾಗ ಶ್ರೀರಂಗಪಟ್ಟಣ ದಾಟಿದರೆ ಸಾಕು, ನನ್ನ ನಾಲಗೆ ತಾನಾಗಿ ತಿರುಗಿಕೊಳ್ಳುತ್ತದೆ. ಮಗಳ ಮುಂದೆ ಮಾತ್ರ ಸುಮ್ನೆ ಹ ಇಟ್ಟುಕೊಂಡೇ ಮಾತಾಡಿದೆ.

ಅವ್ವನನ್ನು ಬಸ್ ಹತ್ತಿಸುವಾಗ ಮಗಳು ಸೆರಗು ಹಿಡಿದು "ಅಜ್ಜಿ, ಮತ್ತೆ ಯಾವಾಗ ಬತ್ತೀಯ?" ಅಂದಳು. ನಾಲ್ಕೇ ದಿನಕ್ಕೆ ಹತ್ತಿಬಿಟ್ಟಿತ್ತು. ನಾನು ಹಿಗ್ಗುವಷ್ಟರಲ್ಲಿ ಅವ್ವ ಗಾಬರಿಯಾಗಿ ಅವಳ ಬಾಯಿಗೆ ಕೈ ಅಡ್ಡ ಇಟ್ಟು, "ಅಂಗನ್ಬೇಡ ಕೂಸು, ಬರ್ತೀಯ ಅನ್ನು, ನಿಮ್ ಟೀಚರ್ ಬಯ್ತಾರೆ" ಅಂದಳು.